ಕುಂಕುಮ ಕಪ್ಪಾಗದ ಬೆಳಕು

ಕೋಲಾರದ ಪೇಟೆ ಬೀದಿಯ ಸೀರೆ ಅಂಗಡಿಗಳಲ್ಲಿ ದುಡ್ಡು ಕೊಡುವ ಮುನ್ನ ಒಂದು ಪದ್ಧತಿಯಿದೆ. ಆರಿಸಿಕೊಂಡ ಸೀರೆಯನ್ನು ಹೆಂಗಸರು ಬಾಗಿಲವರೆಗೆ ತರುತ್ತಾರೆ, ಸೆರಗನ್ನು ಹಗಲಿಗೆ ಒಡ್ಡಿ ನೋಡುತ್ತಾರೆ. ‘ಒಳಗೆ ಕುಂಕುಮದ ಬಣ್ಣ ಅಂದ್ಕೊಂಡೆ, ಇಲ್ಲಿ ನೋಡಿದ್ರೆ ಇಟ್ಟಿಗೆ ಬಣ್ಣ ಕಣಮ್ಮ’ ಎಂದು ಜೊತೆಯವರಿಗೆ ಹೇಳಿ ಮತ್ತೆ ಒಳಗೆ ಹೋಗುತ್ತಾರೆ. ಅಂಗಡಿಯವರೂ ಬೇಸರಪಟ್ಟುಕೊಳ್ಳುವುದಿಲ್ಲ. ಬಟ್ಟೆಯ ಬಣ್ಣ ಬಟ್ಟೆಯಲ್ಲಷ್ಟೇ ಇಲ್ಲ, ಅದರ ಮೇಲೆ ಬೀಳುವ ಬೆಳಕಿನಲ್ಲೂ ಇದೆ ಎಂಬುದು ಇಬ್ಬರಿಗೂ ಗೊತ್ತು.

ನಾಟಕಕ್ಕೆ ಅಂಥ ಬಾಗಿಲಿಲ್ಲ. ರಂಗದ ಮೇಲೆ ಬಿದ್ದ ಬೆಳಕೇ ನೋಡುವವರಿಗೆ ಸಿಗುವ ಒಂದೇ ಹಗಲು. ಕೆಲವು ವರ್ಷಗಳ ಹಿಂದೆ ಮುಳಬಾಗಿಲು ತಾಲ್ಲೂಕಿನ ಒಂದು ಊರ ಜಾತ್ರೆಯಲ್ಲಿ ಪೌರಾಣಿಕ ನಾಟಕ ನೋಡುತ್ತಾ ಕೂತಿದ್ದೆ. ವಸ್ತ್ರಾಪಹರಣದ ದೃಶ್ಯ. ದ್ರೌಪದಿಯ ಪಾತ್ರಧಾರಿ ಒಳ್ಳೆಯ ಕೆಂಪು ಸೀರೆ ಉಟ್ಟಿದ್ದರು. ಬಣ್ಣದ ಮನೆಯಲ್ಲಿ ನಾನೇ ಕಂಡಿದ್ದೆ. ರಂಗಕ್ಕೆ ಬಂದಾಗ ಅದು ಒಮ್ಮೆ ಕಂದು, ಒಮ್ಮೆ ಬದನೆಕಾಯಿ ಬಣ್ಣ, ನೀಲಿ ದೀಪ ಹತ್ತಿದಾಗ ಅಪ್ಪಟ ಕಪ್ಪು. ಹಣೆಯ ಕುಂಕುಮ ಒಂದು ರಂಧ್ರದಂತೆ ಕಾಣಿಸಿತು. ದುಃಶಾಸನನ ಮುಖ ಬೂದಿ ಬಳಿದಂತಿತ್ತು. ದೀಪ ಹಾಕುತ್ತಿದ್ದ ಹುಡುಗನನ್ನು ದೂರುವಂತಿಲ್ಲ, ಅವನ ಕೈಯಲ್ಲಿದ್ದ ಪೆಟ್ಟಿಗೆ ಅಷ್ಟನ್ನೇ ಕೊಡಬಲ್ಲದಾಗಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಯಾವ ರಂಗಕ್ಕೆ ಹೋದರೂ ಅಂದಿನಿಂದ ನನ್ನ ಕಣ್ಣು ಮೊದಲು ಕೆಂಪನ್ನು ಹುಡುಕುತ್ತದೆ.

ಈ ಸೀಮೆಗೆ ರಾತ್ರಿಯ ಆಟ ಹೊಸದಲ್ಲ. ಕೇಳಿಕೆ ಇಲ್ಲಿಯದು. ಗಡಿಯ ಊರುಗಳಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಕಥೆ ನಡೆಯುತ್ತದೆ. ಧರ್ಮರಾಯನ ಕರಗ ಕೋಲಾರದಲ್ಲೂ ಮಾಲೂರಿನಲ್ಲೂ ರಾತ್ರಿಯಿಡೀ ಬೀದಿ ಸುತ್ತುತ್ತದೆ. ಇವೆಲ್ಲ ಪಂಜಿನ ಬೆಳಕಿನಲ್ಲಿ ಬೆಳೆದ ಕಲೆಗಳು. ಪಂಜಿನ ಉರಿಯ ಬಣ್ಣತಾಪ ಸುಮಾರು 1900 ಕೆಲ್ವಿನ್. ಅದರಲ್ಲಿ ನೀಲಿ ಇಲ್ಲವೆನ್ನುವಷ್ಟು ಕಡಿಮೆ, ಕೆಂಪು ಧಾರಾಳ. ವೇಷಗಾರರು ಅರ್ದಾಳ, ಇಂಗಳೀಕ, ಕಾಡಿಗೆ ಇವುಗಳನ್ನೇ ಏಕೆ ಆರಿಸಿಕೊಂಡರೆಂಬುದು ಆ ಬೆಳಕಿನಲ್ಲಿ ನೋಡಿದರೆ ತಿಳಿಯುತ್ತದೆ. ಅರ್ದಾಳದ ಹಳದಿ ಪಂಜಿನಲ್ಲಿ ಚಿನ್ನದ ಹಾಗೆ ಹೊಳೆಯುತ್ತದೆ, ಇಂಗಳೀಕದ ಕೆಂಪು ಕೆಂಡದಂತೆ ಏಳುತ್ತದೆ. ಬಣ್ಣ ತಯಾರಿಸಿದವರ ಕಣ್ಣೂ ಬೆಳಕು ಹಿಡಿದವರ ಕೈಯೂ ತಲೆಮಾರುಗಳ ಕಾಲ ಒಂದಕ್ಕೊಂದು ಹೊಂದಿಕೊಂಡಿದ್ದವು. ಮುಂದೆ ಪೆಟ್ರೋಮ್ಯಾಕ್ಸ್ ಬಂದಾಗ ಬೆಳಕು ಬೆಳ್ಳಗಾಯಿತು, ನೆರಳು ಗಟ್ಟಿಯಾಯಿತು.

ವಿದ್ಯುತ್ತಿನ ಮಾತಿಗೆ ಬಂದರೆ ಈ ಜಿಲ್ಲೆ ದೇಶದ ಮುಂಚೂಣಿಯಲ್ಲಿತ್ತು. ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತು 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟ್‌ನಲ್ಲಿ. ಗಣಿಗೆ ಬಂದ ಆ ಬೆಳಕು ಪಕ್ಕದ ಹಳ್ಳಿಯ ರಂಗಕ್ಕೆ ಬರಲು ಹಿಡಿದ ಕಾಲ ಬಹಳ ದೀರ್ಘ; ಅದು ಇನ್ನೊಂದು ಲೇಖನದ ವಿಷಯ.

ರಂಗದ ವಿದ್ಯುತ್ ದೀಪವೆಂದರೆ ಬಹುಕಾಲ ಟಂಗ್‌ಸ್ಟನ್ ತಂತಿಯ ದೀಪ, ಬಳಿಕ ಅದರದೇ ಸುಧಾರಿತ ರೂಪವಾದ ಹ್ಯಾಲೊಜೆನ್. ತಂತಿ ಕಾದು ಬೆಳಗುವ ಈ ದೀಪ ಒಂದರ್ಥದಲ್ಲಿ ಪಂಜಿನ ತಮ್ಮ. ಅದರ ಬೆಳಕಿನಲ್ಲಿ ನೇರಳೆಯಿಂದ ಕಡುಗೆಂಪಿನವರೆಗೆ ಎಲ್ಲ ಅಲೆಗಳೂ ನಡುವೆ ತೂತಿಲ್ಲದೆ ಇರುತ್ತವೆ. ದೋಷಗಳೂ ದೊಡ್ಡವೇ. ಒಂದು ಪಾರ್-64 ದೀಪಕ್ಕೆ 1000 ವಾಟ್ ಬೇಕು. 12 ದೀಪ ಹಾಕಿದರೆ 12 ಕಿಲೋವಾಟ್. ಹಳ್ಳಿಯ ಟ್ರಾನ್ಸ್‌ಫಾರ್ಮರ್ ನಂಬಿ ಕೂರುವಂತಿಲ್ಲ, ಜನರೇಟರ್ ತರಿಸಬೇಕು, ಡೀಸೆಲ್ ಸುರಿಯಬೇಕು. ಕಿರೀಟ, ಭುಜಕೀರ್ತಿ, ಜರಿಯಂಗಿ ಹೊತ್ತ ಪಾತ್ರಧಾರಿ ಆ ಕಾವಿನಡಿ ಅರ್ಧ ಗಂಟೆ ಕಂದ ಹಾಡಿದರೆ ಬಣ್ಣ ಕರಗಿ ಕತ್ತಿಗೆ ಇಳಿಯುತ್ತಿತ್ತು. ದೀಪದ ಮುಂದೆ ಸಿಕ್ಕಿಸಿದ ಬಣ್ಣದ ಹಾಳೆ ಕೆಲವೇ ಪ್ರದರ್ಶನಗಳಲ್ಲಿ ಸುಟ್ಟು ಬಿಳಚಿಕೊಳ್ಳುತ್ತಿತ್ತು. ಇದನ್ನೆಲ್ಲ ಅನುಭವಿಸಿದ ತಂಡಗಳು ಎಲ್‌ಇಡಿ ಬಂದಾಗ ಅದನ್ನು ಎರಡೂ ಕೈಯಿಂದ ಬರಮಾಡಿಕೊಂಡದ್ದು ಸಹಜ.

ಎಲ್‌ಇಡಿಯ ಕಥೆಯ ನಡುವೆ ನಿಂತಿರುವುದು ನೀಲಿ. ಕೆಂಪು, ಹಸಿರು ಎಲ್‌ಇಡಿಗಳು ಮೊದಲೇ ಇದ್ದವು. ಪ್ರಖರವಾದ ನೀಲಿ ಎಲ್‌ಇಡಿಯನ್ನು ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಮುರ 1993ರಲ್ಲಿ ತೋರಿಸಿದರು. 1996ರಲ್ಲಿ ಆ ನೀಲಿಯ ಮೇಲೆ ಹಳದಿ ಫಾಸ್ಫರ್ ಲೇಪಿಸಿ ನಿಚಿಯಾ ಬಿಳಿ ಬೆಳಕನ್ನು ಮಾರುಕಟ್ಟೆಗೆ ತಂದಿತು. ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ನಕಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು ಈ ನೀಲಿಗಾಗಿಯೇ. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’. ಸಗಟು ಖರೀದಿಯಲ್ಲಿ 2014ರಲ್ಲಿ 310 ರೂಪಾಯಿ ಇದ್ದ ಮನೆಬಲ್ಬಿನ ಬೆಲೆ ಎರಡೇ ವರ್ಷಗಳಲ್ಲಿ 38ಕ್ಕೆ ಇಳಿಯಿತು. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಅಗ್ಗದ ಬಿಳಿಯೇ ಬಿಳಿ ಎಂದು ನಮ್ಮ ಕಣ್ಣು ಒಗ್ಗಿಕೊಂಡದ್ದೂ ಆಗಲೇ.

ಆ ಬಿಳಿಯನ್ನು ಬಿಡಿಸಿ ನೋಡೋಣ. ಸುಮಾರು 450 ನ್ಯಾನೊಮೀಟರ್ ಬಳಿ ನೀಲಿಯ ಚೂಪು ಗುಡ್ಡ, ಅದರಾಚೆ ಒಂದು ಕಣಿವೆ, ಮತ್ತೆ ಹಸಿರು ಹಳದಿಯ ಅಗಲವಾದ ದಿಬ್ಬ. ಕೆಂಪಿನ ಕಡೆಗೆ ಸರಿದಂತೆ ಇಳಿಜಾರು. ಕಡುಗೆಂಪು ಇರುವಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಇದು ಕೈತಪ್ಪಿ ಆದದ್ದಲ್ಲ. ಬೆಳಕನ್ನು ನಾವು ಲ್ಯೂಮೆನ್‌ನಲ್ಲಿ ಅಳೆಯುತ್ತೇವೆ, ಲ್ಯೂಮೆನ್ ಮನುಷ್ಯನ ಕಣ್ಣಿನ ಸಂವೇದನೆಗೆ ಕಟ್ಟಿದ ಅಳತೆ. ಕಣ್ಣು ಹೆಚ್ಚು ಚುರುಕಾಗಿರುವುದು 555 ನ್ಯಾನೊಮೀಟರಿನ ಹಸಿರುಹಳದಿಗೆ. 650ರ ಕೆಂಪು ಅದೇ ವಿದ್ಯುತ್ತನ್ನು ತಿಂದರೂ ಲ್ಯೂಮೆನ್ ಲೆಕ್ಕಕ್ಕೆ ಸೇರುವುದು ಅತ್ಯಲ್ಪ. ವಾಟಿಗೆ ಇಷ್ಟು ಲ್ಯೂಮೆನ್ ಎಂದು ಪೆಟ್ಟಿಗೆಯ ಮೇಲೆ ದೊಡ್ಡ ಅಂಕಿ ಅಚ್ಚಾಗಬೇಕೆಂದರೆ ಕೆಂಪನ್ನು ಬಿಡುವುದೇ ಸುಲಭದ ದಾರಿ. ಉಳಿತಾಯದ ಅಂಕಿ ಹಾಗೆ ಏರುತ್ತದೆ, ಕುಂಕುಮ ಹಾಗೆ ಕಪ್ಪಾಗುತ್ತದೆ.

ಕೆಂಪು ಹೋದರೆ ಹೋಗುವುದು ಕುಂಕುಮ, ಸೀರೆ ಮಾತ್ರವಲ್ಲ. ಮುಖವೂ ಹೋಗುತ್ತದೆ. ನಮ್ಮ ಚರ್ಮದ ಮೆಲನಿನ್ ನೀಲಿ ಹಸಿರು ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಕೆಂಪಿನ ಕಡೆಗೆ ಹೋದಂತೆ ಹೆಚ್ಚು ಬೆಳಕನ್ನು ಮರಳಿಸುತ್ತದೆ. ಚರ್ಮದಡಿಯ ರಕ್ತದ ಕಾಂತಿ ಕಾಣುವುದೂ 600 ನ್ಯಾನೊಮೀಟರ್‌ನಾಚೆ. ಎಣ್ಣೆಗಪ್ಪು, ಕಂದು ಮುಖಗಳಿಂದ ಪ್ರೇಕ್ಷಕನಿಗೆ ಮರಳಿ ಬರುವ ಬೆಳಕಿನಲ್ಲಿ ಕೆಂಪಿನ ಪಾಲೇ ದೊಡ್ಡದು. ಅದಿಲ್ಲದ ದೀಪ ಕೋಲಾರದ ಬಿಸಿಲಲ್ಲಿ ಬೆಳೆದ ನಟನ ಮುಖವನ್ನು ಮಣ್ಣಿನ ಗೊಂಬೆ ಮಾಡಿಬಿಡುತ್ತದೆ. ಬಿಳಿ ಚರ್ಮದವರ ರಂಗಕ್ಕಿಂತ ನಮ್ಮ ರಂಗಕ್ಕೆ ಕೆಂಪಿರುವ ಬೆಳಕು ಹೆಚ್ಚು ಅಗತ್ಯ ಎಂದು ನಾನು ಒತ್ತಿ ಹೇಳುತ್ತೇನೆ. ಈ ಕೊರತೆಯನ್ನು ಮುಖಕ್ಕೆ ಹೆಚ್ಚು ಬಣ್ಣ ಬಳಿದು ಮುಚ್ಚುವ ರೂಢಿ ಬೆಳೆಯುತ್ತಿರುವುದು ನೋವಿನ ಸಂಗತಿ.

ಬೆಳಕಿನ ಗುಣವನ್ನು ಅಳೆಯಲು ಅಳತೆಗೋಲುಗಳಿವೆ, ಆದರೆ ಅವನ್ನು ಓದಲು ಕಲಿಯಬೇಕು. ಹೆಚ್ಚು ಪ್ರಚಾರದಲ್ಲಿರುವುದು ಸಿಆರ್‌ಐ, ಬಣ್ಣ ತೋರುವ ಸೂಚ್ಯಂಕ. ಅಂತರರಾಷ್ಟ್ರೀಯ ಬೆಳಕು ಆಯೋಗ ಇದನ್ನು 1965ರಲ್ಲಿ ರೂಪಿಸಿ 1974ರಲ್ಲಿ ತಿದ್ದಿತು. ಎಂಟು ಬಣ್ಣದ ತುಣುಕುಗಳನ್ನು ದೀಪದಡಿ ಇಟ್ಟು, ಅವು ಮಾದರಿ ಬೆಳಕಿನಲ್ಲಿ ಕಾಣುವುದಕ್ಕಿಂತ ಎಷ್ಟು ಬೇರೆಯಾಗುತ್ತವೆ ಎಂದು ಲೆಕ್ಕ ಹಾಕಿ ಸರಾಸರಿ ತೆಗೆಯುವುದು ಇದರ ಕ್ರಮ. ಹ್ಯಾಲೊಜೆನ್‌ಗೆ ಹೆಚ್ಚುಕಡಿಮೆ 100 ಸಿಗುತ್ತದೆ. ಈ ಎಂಟೂ ಮಾಸಲು ಬಣ್ಣಗಳು, ಕಡುಗೆಂಪು ಅವುಗಳಲ್ಲಿಲ್ಲ. ಅದು ಒಂಬತ್ತನೆಯ ತುಣುಕು, ಆರ್-9, ಸರಾಸರಿಗೆ ಸೇರುವುದೇ ಇಲ್ಲ. ಹಾಗಾಗಿ ಪೆಟ್ಟಿಗೆಯ ಮೇಲೆ ಸಿಆರ್‌ಐ 80 ಎಂದಿದ್ದರೂ ಒಳಗೆ ಆರ್-9 ಸೊನ್ನೆಯ ಆಸುಪಾಸಿನಲ್ಲಿ, ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ ಇರಬಹುದು. ಇದೊಂದನ್ನು ತಿಳಿದುಕೊಂಡರೆ ದೀಪ ಕೊಳ್ಳುವವರ ಅರ್ಧ ಮೋಸ ತಪ್ಪುತ್ತದೆ. ಅಮೆರಿಕದ ಬೆಳಕು ಎಂಜಿನಿಯರುಗಳ ಸಂಘ 2015ರಲ್ಲಿ ತಂದ ಟಿಎಂ-30 ಪದ್ಧತಿ 99 ಬಣ್ಣಗಳನ್ನು ಪರೀಕ್ಷಿಸಿ ಎರಡು ಅಂಕಿ ಕೊಡುತ್ತದೆ: ಬಣ್ಣ ಎಷ್ಟು ನಿಷ್ಠೆಯಿಂದ ಕಾಣುತ್ತದೆ ಎಂಬುದಕ್ಕೆ ಒಂದು, ಬಣ್ಣ ಒಟ್ಟಾರೆ ಗಾಢವಾಯಿತೇ ಪೇಲವವಾಯಿತೇ ಎಂಬುದಕ್ಕೆ ಇನ್ನೊಂದು. ಕ್ಯಾಮೆರಾದ ಕಣ್ಣಿಗೆ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಟಿಎಲ್‌ಸಿಐ ಎಂಬ ಬೇರೆಯದೇ ಸೂಚ್ಯಂಕ ಮಾಡಿದೆ. ಈಗ ಪ್ರತಿ ನಾಟಕವೂ ಮೊಬೈಲಿನಲ್ಲಿ ನೇರಪ್ರಸಾರ ಆಗುವುದರಿಂದ ಅದೂ ನಮಗೆ ದೂರದ ಮಾತಲ್ಲ.

ನಮ್ಮ ಬಾಡಿಗೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 54 ಗುಂಡಿನ, ತಲಾ 3 ವಾಟಿನ ಎಲ್‌ಇಡಿ ಪಾರ್. ಕೆಂಪು, ಹಸಿರು, ನೀಲಿ, ಜೊತೆಗೆ ಒಂದಿಷ್ಟು ಬಿಳಿ ಗುಂಡುಗಳು. ಕೆಂಪು ಸುಮಾರು 625, ಹಸಿರು 525, ನೀಲಿ 460 ನ್ಯಾನೊಮೀಟರ್. ಮೂರು ಒಂಟಿ ಕಂಬಗಳು, ನಡುವೆ ಬಯಲು. ಮೂರನ್ನೂ ಸೇರಿಸಿದರೆ ಗೋಡೆಯ ಮೇಲೆ ಬಿಳಿಯೇ ಕಾಣುತ್ತದೆ, ಆ ಬಿಳಿಯಲ್ಲಿ ನಿಂತ ಮನುಷ್ಯ ಮಾತ್ರ ಮನುಷ್ಯನ ಬಣ್ಣದಲ್ಲಿರುವುದಿಲ್ಲ. 590ರ ಸುತ್ತಿನ ಹಳದಿ ಕೇಸರಿ ಈ ಮೂರರ ಬೆಳಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕೆಂಪು ಹಸಿರು ಕೂಡಿಸಿ ಕಣ್ಣಿಗೆ ಹಳದಿಯೆನಿಸುತ್ತಾರೆ. ಕರಗ ಹೊತ್ತವರ ಅರಿಶಿನ ಬಣ್ಣದ ಸೀರೆ, ಮಲ್ಲಿಗೆಯ ತಂಪು ಬಿಳಿ ಇಂಥ ಬೆಳಕಿನಲ್ಲಿ ಏನಾಗುತ್ತವೆ ಎಂಬುದನ್ನು ಕರಗದ ಮರುದಿನ ಮೊಬೈಲ್‌ಗಳಲ್ಲಿ ಓಡಾಡುವ ಚಿತ್ರಗಳೇ ಹೇಳುತ್ತವೆ. ಹೂವೆಲ್ಲ ಗುಲಾಬಿ ನೇರಳೆ.

ಒಳ್ಳೆಯ ರಂಗದೀಪ ತಯಾರಕರು ಈ ಬಯಲನ್ನು ತುಂಬಲು ಎರಡು ದಾರಿ ಹಿಡಿದಿದ್ದಾರೆ. ಕೆಂಪು ಹಸಿರು ನೀಲಿಗಳ ಜೊತೆಗೆ ಕೇಸರಿ, ಆಕಾಶನೀಲಿ, ಕಡುನೀಲಿ, ನಿಂಬೆಹಸಿರು ಎಂದು ಏಳೆಂಟು ಬಗೆಯ ಗುಂಡು ಸೇರಿಸುವುದು ಒಂದು. ಇವುಗಳಲ್ಲಿ ನಿಂಬೆಹಸಿರಿನದೇ ದೊಡ್ಡ ಉಪಕಾರ. ಚರ್ಮಕ್ಕೆ ಹೊಂದುವ ಬೆಚ್ಚನೆಯ ಬಿಳಿ ಅದರಿಂದ ಸುಲಭವಾಯಿತು. ಎರಡನೆಯದು ಬಣ್ಣ ಬದಲಿಸುವ ಆಸೆಯನ್ನೇ ಬಿಟ್ಟು, ಕೆಂಪು ಫಾಸ್ಫರನ್ನೂ ಸೇರಿಸಿ, 3200 ಕೆಲ್ವಿನ್‌ನ ಒಂದೇ ಒಳ್ಳೆಯ ಬಿಳಿ ಕೊಡುವುದು. ಸಿಆರ್‌ಐ 95ರ ಮೇಲೆ, ಆರ್-9 ಕೂಡ 90ರ ಆಸುಪಾಸು ಇರುವ ಇಂಥ ದೀಪಗಳು ಈಗ ದೇಶದ ಮಾರುಕಟ್ಟೆಯಲ್ಲೇ ಸಿಗುತ್ತವೆ. ಮೊದಲ ದಾರಿ ದುಬಾರಿ, ದೊಡ್ಡ ರಂಗಮಂದಿರಕ್ಕೆ ಸರಿ. ಎರಡನೆಯದು ನಮ್ಮದು.

ಬಣ್ಣದಷ್ಟೇ ಮುಖ್ಯವಾದದ್ದು ದೀಪ ಆರುವ ರೀತಿ. ಹ್ಯಾಲೊಜೆನ್ ದೀಪವನ್ನು ಡಿಮ್ಮರ್‌ನಿಂದ ತಗ್ಗಿಸಿದರೆ ಅದು ಮಂಕಾಗುತ್ತ ಕೆಂಪಾಗುತ್ತದೆ, ಕೆಂಡ ಬೂದಿಯಾಗುವ ಹಾಗೆ. ಕರ್ಣನ ಸಾವಿಗೆ ಆ ಆರುವಿಕೆಯೇ ಅರ್ಧ ಅಭಿನಯ ಮಾಡುತ್ತಿತ್ತು. ಅಗ್ಗದ ಎಲ್‌ಇಡಿ ಕೊನೆಯಲ್ಲಿ ಮೆಟ್ಟಿಲಿಳಿದಂತೆ ಕುಕ್ಕುತ್ತ ಬಂದು ಫಕ್ಕನೆ ನಂದುತ್ತದೆ. ದೀಪಗಳಿಗೆ ಆಜ್ಞೆ ಕಳಿಸುವ ಡಿಎಂಎಕ್ಸ್ ಪದ್ಧತಿ 1986ರದು. ಅದರಲ್ಲಿ ಒಂದು ಚಾನೆಲ್‌ಗೆ ಇರುವುದು 256 ಮೆಟ್ಟಿಲು. ಮೇಲ್ಗಡೆ ಅದು ಸಾಕು. ಕೆಳಗಿನ ಹತ್ತಿಪ್ಪತ್ತು ಮೆಟ್ಟಿಲುಗಳಲ್ಲಿ ಪ್ರತಿ ಇಳಿತವೂ ಕಣ್ಣಿಗೆ ಹೊಡೆಯುತ್ತದೆ. ಎರಡು ಚಾನೆಲ್ ಜೋಡಿಸಿ 65,536 ಮೆಟ್ಟಿಲು ಮಾಡಿಕೊಳ್ಳುವ ದೀಪಗಳಲ್ಲಿ ಈ ತೊಂದರೆಯಿಲ್ಲ. ಎಲ್‌ಇಡಿಯನ್ನು ತಗ್ಗಿಸುವುದು ಬಹುಮಟ್ಟಿಗೆ ಅತಿವೇಗವಾಗಿ ಹಚ್ಚಿ ಆರಿಸುವ ಉಪಾಯದಿಂದ. ಆ ವೇಗ ಸಾಲದಿದ್ದರೆ ಮೊಬೈಲಿನ ವಿಡಿಯೊದಲ್ಲಿ ಕಪ್ಪು ಪಟ್ಟೆಗಳು ತೆವಳುತ್ತವೆ.

ಕತ್ತಲೆಯ ಬಗ್ಗೆಯೂ ಕೋಲಾರ ಒಂದು ಪಾಠ ಹೇಳುತ್ತದೆ. ಊರಿನ ಪಕ್ಕದ ಶತಶೃಂಗ ಬೆಟ್ಟಸಾಲಿನ ಮೇಲೆ, ತೇರಹಳ್ಳಿಯ ಹತ್ತಿರದ ಶಿವಗಂಗೆಯಲ್ಲಿ, ಆದಿಮ ಸಾಂಸ್ಕೃತಿಕ ಕೇಂದ್ರವಿದೆ. ‘ನಾಯಿತಿಪ್ಪ’, ‘ಕಾಗೆ ಕಣ್ಣು ಇರುವೆ ಬಲ’ದಂಥ ನಾಟಕ ಬರೆದ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಂದಿಗೆ ಕಟ್ಟಿದ ತಾಣ; ಹುಣ್ಣಿಮೆಯ ರಾತ್ರಿಗಳ ಹಾಡು, ನಾಟಕಕ್ಕೆ ಹೆಸರಾದದ್ದು. ಹುಣ್ಣಿಮೆಯ ಬೆಳಕು ನೆಲಕ್ಕೆ ಬೀಳುವುದು ಕಾಲು ಲಕ್ಸ್‌ನಷ್ಟು. ಬೆಳಗಿದ ರಂಗದ ಮೇಲಾದರೆ ಕೆಲವು ನೂರು ಲಕ್ಸ್. ಅಷ್ಟು ಸಣ್ಣ ಬೆಳಕಿನಲ್ಲಿ ಬಣ್ಣ ಗುರುತಿಸುವ ನಮ್ಮ ಕಣ್ಣಿನ ಕೋಶಗಳು ಬಹುಮಟ್ಟಿಗೆ ಮಲಗಿಬಿಡುತ್ತವೆ, ಕೆಂಪು ಮೊದಲು ಮಾಯವಾಗುತ್ತದೆ, ಲೋಕ ನೀಲಿಯೆನಿಸುತ್ತದೆ. ನಿಜದಲ್ಲಿ ಬೆಳದಿಂಗಳು ನೀಲಿಯಲ್ಲ. ಸುಮಾರು 4100 ಕೆಲ್ವಿನ್, ಮಟಮಟ ಮಧ್ಯಾಹ್ನದ ಬಿಸಿಲಿಗಿಂತ ಬೆಚ್ಚಗಿನ ಬಣ್ಣ. ರಾತ್ರಿಯ ದೃಶ್ಯ ಬಂತೆಂದರೆ ಎಲ್‌ಇಡಿಯ ಕಡುನೀಲಿ ಸುರಿಯುವುದು ಈಗಿನ ವಾಡಿಕೆ. ಆ ಕಡುನೀಲಿ ಬೆಳದಿಂಗಳ ಯಾವ ಗುಣವನ್ನೂ ಹೋಲುವುದಿಲ್ಲ. ನಸುನೀಲಿ ಬೆರೆತ ತೆಳುಬಿಳಿ, ಅದೂ ಒಂದೇ ಪಕ್ಕದಿಂದ, ಬಹಳ ಕಡಿಮೆ ಬಿದ್ದರೆ ಸಾಕು. ಉಳಿದದ್ದನ್ನು ನೋಡುವವರ ಕಣ್ಣೇ ಪೂರೈಸುತ್ತದೆ. ಮಾಲೂರು ತಾಲ್ಲೂಕಿನವರಾದ ಕೆ.ವೈ. ನಾರಾಯಣಸ್ವಾಮಿ ರಂಗಕ್ಕೆ ಅಳವಡಿಸಿ, ಸಿ. ಬಸವಲಿಂಗಯ್ಯ ನಿರ್ದೇಶಿಸಿದ ‘ಮಲೆಗಳಲ್ಲಿ ಮದುಮಗಳು’ ರಾತ್ರಿಯಿಡೀ ಬಯಲಿನಲ್ಲಿ ನಡೆದು ಬೆಳಗಿನ ಜಾವಕ್ಕೆ ಮುಗಿಯುವಂಥದು. ದೀಪಕ್ಕೂ ನಸುಕಿಗೂ ಜಗಳವಾಗದಂತೆ ಒಂದು ರಾತ್ರಿಯನ್ನು ನಡೆಸುವುದು ಎಷ್ಟು ದೊಡ್ಡ ಕೆಲಸವೆಂದು ಅಂಥ ಬಯಲಾಟ ನೋಡಿದವರಿಗೆ ಗೊತ್ತು.

ಮೇಳ, ಮಳಿಗೆಗಳ ಪ್ರದರ್ಶನದ ಬೆಳಕು ಇನ್ನೊಂದು ಬಗೆಯದು. ಶ್ರೀನಿವಾಸಪುರ ಮಾವಿನ ಸೀಮೆ. ಹೊಗಳಗೆರೆಯಲ್ಲಿ ಮಾವು ಅಭಿವೃದ್ಧಿ ಕೇಂದ್ರವಿದೆ. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ತೋತಾಪುರಿ, ನೀಲಂ ಎಲ್ಲವನ್ನೂ ಪಕ್ಕಪಕ್ಕ ಇಟ್ಟರೆ ಅಲ್ಲಿರುವುದು ಹಳದಿ ಮತ್ತು ಹಸಿರಿನ ಹತ್ತಾರು ಹದ. ಬೆಳೆಗಾರರು ಹಣ್ಣಿನ ಹದ ಹೇಳುವುದೇ ಆ ಸೂಕ್ಷ್ಮದಿಂದ. ಟಿಎಂ-30ರ ಎರಡು ಅಂಕಿಗಳ ಬೆಲೆ ಇಲ್ಲಿ ತಿಳಿಯುತ್ತದೆ. ನಿಷ್ಠೆ ಕಡಿಮೆಯಿದ್ದರೆ ರಸಪುರಿಯೂ ಬಾದಾಮಿಯೂ ಒಂದೇ ಮಾಸಲು ಹಳದಿಗೆ ಇಳಿಯುತ್ತವೆ. ಗಾಢತೆ 100ನ್ನು ತೀರ ಮೀರಿದರೆ ಕಾಯಿಯೂ ಹಣ್ಣಿನಂತೆ ತೋರುತ್ತದೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೊಮೆಟೊದ ಲೈಕೋಪೀನ್ ಮರಳಿಸುವುದು ಕೆಂಪನ್ನೇ; ಕೆಂಪಿಲ್ಲದ ದೀಪದಡಿ ಒಳ್ಳೆಯ ಮಾಲೂ ಹಳಸಿದಂತೆ ಕಾಣುತ್ತದೆ. ಕೃಷಿ ಮೇಳದ ಮಳಿಗೆ ಹಾಕುವವರು ಶಾಮಿಯಾನದೊಳಗೆ ತಣ್ಣನೆಯ 6500 ಕೆಲ್ವಿನ್ ಕೊಳವೆ ಕಟ್ಟುವ ಬದಲು ಇದನ್ನೊಮ್ಮೆ ಯೋಚಿಸಬೇಕು.

ಹಳೆಯ ಕಾಗದ, ಬಟ್ಟೆ, ಜಲವರ್ಣ ಚಿತ್ರಗಳಿಗೆ ಅಳತೆಯೇ ಬೇರೆ. ವಸ್ತುಸಂಗ್ರಹಾಲಯಗಳು ಅವುಗಳ ಮೇಲೆ 50 ಲಕ್ಸ್ ಮೀರದಂತೆ ನೋಡಿಕೊಳ್ಳುತ್ತವೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮಾಲೂರು ತಾಲ್ಲೂಕಿನವರು, ಡಿ.ವಿ. ಗುಂಡಪ್ಪನವರು ಮುಳಬಾಗಿಲಿನವರು; ಅವರ ಕಾಲದ ಹಸ್ತಪ್ರತಿ, ಪತ್ರಿಕೆ, ಭಾವಚಿತ್ರಗಳನ್ನು ಇಲ್ಲಿ ಯಾರು ಎಲ್ಲಿ ಪ್ರದರ್ಶನಕ್ಕಿಟ್ಟರೂ ಈ ಅಂಕಿ ಗೋಡೆಯ ಮೇಲೆ ಬರೆದಿರಬೇಕು. ಎಲ್‌ಇಡಿಯ ಬೆಳಕಿನ ಜೊತೆ ಅತಿನೇರಳೆ ಕಿರಣವೂ ಕಾವೂ ಬಾರದಿರುವುದು ಇಲ್ಲಿ ವರ. ಪ್ಯಾರಿಸ್ಸಿನ ಲೂವ್ರ್ 2013ರಲ್ಲಿ ಮೋನಾಲಿಸಾಗೆ, ವ್ಯಾಟಿಕನ್ 2014ರಲ್ಲಿ ಸಿಸ್ಟೈನ್ ಚಾಪೆಲ್ಲಿಗೆ ಎಲ್‌ಇಡಿ ಹಾಕಿದ್ದರಲ್ಲಿ ಈ ಗುಣಕ್ಕೂ ಪಾಲಿದೆ. ಕಲ್ಲಿಗೆ ಬಣ್ಣ ಮಾಸುವ ಭಯವಿಲ್ಲ, ಅದಕ್ಕೆ ಬೇಕಾದದ್ದು ದಿಕ್ಕು. ಕುರುಡುಮಲೆಯ ಹದಿಮೂರಡಿ ಮೀರಿದ ಗಣಪತಿ, ಆವನಿಯ ರಾಮಲಿಂಗೇಶ್ವರ ಗುಡಿಗಳ ಗೋಡೆಗಳು ಎದುರಿನಿಂದ ಫ್ಲಡ್‌ಲೈಟ್ ಬಿದ್ದರೆ ಚಪ್ಪಟೆ; ಪಕ್ಕದಿಂದ ಓರೆಯಾಗಿ ಬಿದ್ದರೆ ಉಳಿಯ ಪ್ರತಿ ಏಟೂ ಏಳುತ್ತದೆ. ಬಣ್ಣ ಬದಲಿಸುವ ದೀಪಕ್ಕೆ ಗುಡಿಯಲ್ಲಿ ಕೆಲಸವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಯುರೋಪಿನ ಒಂದು ಜಗಳವನ್ನು ಇಲ್ಲಿ ನೆನೆಯಬೇಕು. 2018ರಲ್ಲಿ ಯುರೋಪಿಯನ್ ಒಕ್ಕೂಟ ವಿದ್ಯುತ್ ಉಳಿತಾಯದ ಕಟ್ಟುನಿಟ್ಟಿನ ನಿಯಮಗಳನ್ನು ರಂಗದೀಪಗಳಿಗೂ ಅನ್ವಯಿಸಲು ಹೊರಟಾಗ ರಂಗಕರ್ಮಿಗಳು ‘ರಂಗದ ಬೆಳಕು ಉಳಿಸಿ’ ಎಂದು ದನಿಯೆತ್ತಿದರು. ರಂಗಕ್ಕೆಂದೇ ಇರುವ ಹಲವು ದೀಪಗಳಿಗೆ ವಿನಾಯಿತಿ ಸಿಕ್ಕಿತು. ವಾಟಿಗೆ ಎಷ್ಟು ಲ್ಯೂಮೆನ್ ಎಂಬ ಒಂದೇ ಪ್ರಶ್ನೆಯಿಂದ ಕಲೆಯ ಬೆಳಕನ್ನು ಅಳೆಯಬಾರದೆಂದು ಒಂದು ಖಂಡವೇ ಒಪ್ಪಿಕೊಂಡ ಹಾಗಾಯಿತು. ನಮ್ಮಲ್ಲಿ ರಂಗಮಂದಿರಕ್ಕೆ, ಶಾಲಾ ವೇದಿಕೆಗೆ ದೀಪ ಕೊಳ್ಳುವ ಟೆಂಡರುಗಳಲ್ಲಿ ವಾಟ್, ಸಂಖ್ಯೆ, ಬೆಲೆಗಳ ಪಕ್ಕದಲ್ಲಿ ಇನ್ನೆರಡು ಸಾಲು ಸೇರಿದರೆ ಸಾಕು: ಸಿಆರ್‌ಐ 90ಕ್ಕೆ ಕಡಿಮೆಯಿರಬಾರದು, ಆರ್-9 ಕನಿಷ್ಠ 50 ಇರಬೇಕು. ಜೊತೆಗೆ ದೀಪದ ವರ್ಣಪಟಲದ ನಕ್ಷೆ ಕೇಳಿ. ಕೊಡಲಾರದವರ ದೀಪ ಬೇಡ.

ಹಳ್ಳಿಯ ತಂಡಕ್ಕೆ ಟೆಂಡರಿಲ್ಲ, ಬಾಡಿಗೆಯ ಚೌಕಾಸಿ ಮಾತ್ರ. ಅವರಿಗೆ ನಾನು ಹೇಳುವುದು: ಹದಿನಾರು ಬಣ್ಣದ ಪಾರ್ ತರಿಸುವ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಬೆಚ್ಚನೆ ಬಿಳಿ ದೀಪ ತರಿಸಿ, ಎದುರಿನಿಂದ ಎರಡೂ ಓರೆಗೆ ಮುಖದ ಮಟ್ಟಕ್ಕಿಂತ ಮೇಲೆ ಕಟ್ಟಿ. ಉಳಿದ ದುಡ್ಡಿಗೆ ಬಂದಷ್ಟು ಬಣ್ಣದ ಪಾರ್‌ಗಳನ್ನು ಸೀನರಿ ಪರದೆಗೆ ಬಿಡಿ. ಮುಖಕ್ಕೆ ಬಿಳಿ, ಪರದೆಗೆ ಬಣ್ಣ. ಒಳ್ಳೆಯ ಎಲ್‌ಇಡಿ ಸಿಗದಿದ್ದರೆ ಮೂಲೆಯಲ್ಲಿ ಧೂಳು ಹಿಡಿದಿರುವ ಎರಡು ಹಳೆಯ ಹ್ಯಾಲೊಜೆನ್ ಆದರೂ ಆದೀತು. ಎರಡಕ್ಕೆ 2000 ವಾಟ್, ಅದನ್ನು ಊರಿನ ಲೈನು ತಡೆಯುತ್ತದೆ. ನೀಲಿಗಿಂತ ಬೆಚ್ಚನೆಯ ಬೆಳಕಿಗೆ ದೀಪದ ಹುಳು ಮುತ್ತುವುದೂ ಕಡಿಮೆ. ಬಾಯಿ ತೆರೆದು ಹಾಡುವವರಿಗೆ ಅದು ಸಣ್ಣ ಲಾಭವಲ್ಲ.

ದೀಪದ ಗುಣ ಪರೀಕ್ಷಿಸಲು ಯಂತ್ರ ಬೇಕಿಲ್ಲ. ನಮ್ಮ ಪೌರಾಣಿಕ ನಾಟಕ ರಂಗಪೂಜೆಯಿಲ್ಲದೆ ಆರಂಭವಾಗುವುದಿಲ್ಲ. ಪೂಜೆಯ ತಟ್ಟೆಯಲ್ಲಿ ಕುಂಕುಮ, ಅರಿಶಿನ, ವೀಳ್ಯದೆಲೆ, ಬಾಳೆಹಣ್ಣು, ಮಲ್ಲಿಗೆ ಹೇಗೂ ಇರುತ್ತವೆ. ಸಿಆರ್‌ಐ ಲೆಕ್ಕದ ಎಂಟು ತುಣುಕುಗಳಿಗಿಂತ ಇವು ನಮಗೆ ಹೆಚ್ಚು ಪರಿಚಿತವಾದ ಬಣ್ಣಗಳು. ಸಂಜೆ ಬೆಳಕಿರುವಾಗಲೇ ತಟ್ಟೆಯನ್ನು ಒಮ್ಮೆ ಬಯಲಿನಲ್ಲಿ ನೋಡಿ. ಕತ್ತಲಾದ ಮೇಲೆ ಅದನ್ನೇ ರಂಗದ ನಡುವೆ ಇಟ್ಟು ಒಂದೊಂದೇ ದೀಪ ಹಚ್ಚಿಸಿ, ತಟ್ಟೆಯ ಪಕ್ಕದಲ್ಲಿ ನಿಮ್ಮ ಅಂಗೈಯನ್ನೂ ಚಾಚಿ ನೋಡಿ. ಯಾವ ದೀಪದಡಿ ಕುಂಕುಮ ಕೆಂಪಾಗಿ, ಎಲೆ ಹಸಿರಾಗಿ, ಅಂಗೈ ಅಂಗೈಯಾಗಿಯೇ ಇರುತ್ತದೋ ಅದನ್ನು ಮುಂದಿನ ಕಂಬಕ್ಕೆ ಕಟ್ಟಿ. ಮಿಕ್ಕವು ಪರದೆಯ ಹಿಂದಕ್ಕೆ. ಇದಕ್ಕೆ ಹಿಡಿಯುವುದು ಹತ್ತು ನಿಮಿಷ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಕೂಡಿಸಿಕೊಳ್ಳುವಷ್ಟು ಹೊತ್ತು.